ಬ್ರೇಕ್ ಹಿಡಿವಲ್ದು

ಬಾಗಲಕೋಟೆಯಿಂದ ಕಮತಗಿ, ಅಮೀನಗಡ ದಾಟಿ ಹುನಗುಂದದತ್ತ ಹೋಗುವ ರಸ್ತೆಯ ಮೇಲೆ ಶಿರೂರು ಸಿಗುತ್ತದೆ. ಈ ಸೀಮೆಯ ಗ್ಯಾರೇಜಿನ ಮುಂದೆ ಹಳೆಯ ಜೀಪೋ ಅಂಬಾಸಡರೋ ಬಂದು ನಿಂತರೆ ಚಾಲಕನ ಬಾಯಿಂದ ಮೊದಲು ಹೊರಡುವುದು ಕೆಟ್ಟ ಭಾಗದ ಹೆಸರಲ್ಲ. “ಬ್ರೇಕ್ ಹಿಡಿವಲ್ದ್ರೀ” ಎನ್ನುತ್ತಾನೆ. ಇಲ್ಲವೇ “ಪೆಡಲ್ ಒಳಗ ಹೊಂಟೈತಿ”, “ಗಾಡಿ ಎಡಕ ಎಳೀತೈತಿ”, “ಹಿಂದಿನ ಗಾಲಿ ಕಾಯಾಕತ್ತೈತಿ”, “ಹಿಡಿದದ್ದು ಬಿಡವಲ್ದು”. ಹಿಡಿ, ಬಿಡು, ಹೊರಡು, ಎಳೆ, ಕಾಯು: ಐದೂ ಮನೆಯ ಮಾತುಗಳೇ. ಇವಕ್ಕೆ ಉತ್ತರವಾಗಿ ಮಿಸ್ತ್ರಿ ಬಿಚ್ಚುವ ವಸ್ತುಗಳ ಹೆಸರುಗಳು ಮಾತ್ರ ಬೇರೆ ಲೋಕದವು: ಮಾಸ್ಟರ್ ಸಿಲಿಂಡರ್, ವ್ಹೀಲ್ ಸಿಲಿಂಡರ್, ಲೈನರ್, ನಿಪ್ಪಲ್, ಹೋಸ್, ಕಿಟ್. ಭಾಗಗಳೆಲ್ಲ ಇಂಗ್ಲಿಷಿನ ನಾಮಪದಗಳು, ಬೇನೆಗಳೆಲ್ಲ ಕನ್ನಡದ ಕ್ರಿಯಾಪದಗಳು. ನನಗೆ ಇದು ಆಕಸ್ಮಿಕವಾಗಿ ಕಾಣುವುದಿಲ್ಲ. ಹಳೆಯ ಗಾಡಿಗಳ ಹೈಡ್ರಾಲಿಕ್ ಬ್ರೇಕ್ ರಿಪೇರಿಯ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಹೊರಗಿನಿಂದ ಬಂದ ಯಂತ್ರದ ಕತೆಯೆಂದು ಓದುತ್ತೇವೆ. ಯಂತ್ರ ಹೊರಗಿನಿಂದ ಬಂದದ್ದು ನಿಜ. ಆದರೆ ದೋಷ ಎಲ್ಲಿದೆ ಎಂದು ಗೊತ್ತುಮಾಡುವ ವಿದ್ಯೆ ಪೆಟ್ಟಿಗೆಯಲ್ಲಿ ಬರಲಿಲ್ಲ. ಅದನ್ನು ರಸ್ತೆ ಬದಿಯ ತಗಡಿನ ಶೆಡ್ಡುಗಳೇ ಕಟ್ಟಿಕೊಂಡವು.

ಅದಕ್ಕೆ ಮೊದಲು ಇಲ್ಲಿ ಏನಿತ್ತು ಎಂದು ನೋಡಬೇಕು. ಚಕ್ಕಡಿಗೆ ಬ್ರೇಕೆಂದರೆ ಬಹುಮಟ್ಟಿಗೆ ಎತ್ತಿನ ಹೆಗಲೇ. ಇಳಿಜಾರಿನಲ್ಲಿ ಗಾಲಿಗೆ ಅಡ್ಡವಾಗಿ ಹಗ್ಗದಿಂದ ಬಿಗಿದು ಒತ್ತುವ ಮರದ ತುಂಡು ಅದಕ್ಕೆ ನೆರವು. ಕಟ್ಟಿಗೆಯ ಕೆಲಸ ಬಡಿಗ್ಯಾರದು, ಗಾಲಿಯ ಹಳಿ ಕಾಯಿಸಿ ತೊಡಿಸುವುದು ಕಂಬಾರನದು. ದೋಷ ಕಣ್ಣಿಗೆ ಕಾಣುತ್ತಿತ್ತು: ಮರ ಸವೆದಿದೆ, ಹಗ್ಗ ಹರಿದಿದೆ, ಹಳಿ ಸಡಿಲಾಗಿದೆ. 1880ರ ದಶಕದಲ್ಲಿ ಗದಗ–ಹೊಟಗಿ ಮೀಟರ್ ಗೇಜ್ ಹಳಿ ಬಾಗಲಕೋಟೆಯ ಮೇಲೆ ಹಾದುಹೋದ ಮೇಲೆ ದೂರದ ಸಾಗಣೆ ರೈಲಿನ ಪಾಲಾಯಿತು. ಗುಳೇದಗುಡ್ಡದ ಖಣ, ಇಳಕಲ್ಲಿನ ಸೀರೆ, ಸುತ್ತಲಿನ ಹತ್ತಿ ಮತ್ತು ಜೋಳ ಸ್ಟೇಷನ್ನಿನವರೆಗೆ ಚಕ್ಕಡಿಯಲ್ಲೇ ಬರಬೇಕಿತ್ತು. ಆ ಕಾಲಕ್ಕೆ ಇದು ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆ. ಹಾಗಾಗಿ ಮೋಟಾರು ಬಂದದ್ದೂ ಮುಂಬಯಿಯ ಕಡೆಯಿಂದಲೇ. 1928ರಲ್ಲಿ ಜನರಲ್ ಮೋಟಾರ್ಸ್ ಮುಂಬಯಿಯಲ್ಲಿ ಷೆವರ್ಲೆ ಗಾಡಿಗಳನ್ನು ಜೋಡಿಸತೊಡಗಿತು. ಆ ಷೆವರ್ಲೆಗಳ ಬ್ರೇಕು ಹೈಡ್ರಾಲಿಕ್ ಅಲ್ಲ. ಕಬ್ಬಿಣದ ಸಲಾಕೆ, ತಂತಿ, ಕೀಲುಗಳ ಮೂಲಕ ಕಾಲಿನ ಬಲ ಗಾಲಿಗೆ ಹೋಗುತ್ತಿತ್ತು. ಬಾಗಿದ ಸಲಾಕೆಯನ್ನು ಕಂಬಾರ ನೆಟ್ಟಗೆ ಮಾಡಬಲ್ಲ, ಸವೆದ ಪಿನ್ನಿಗೆ ಇನ್ನೊಂದು ಪಿನ್ನು ಬಡಿಯಬಲ್ಲ. ಮೋಟಾರು ಬಂದರೂ ಬ್ರೇಕಿನ ಮಟ್ಟಿಗೆ ಕಸುಬು ಚಕ್ಕಡಿಯ ಕಾಲದ್ದೇ ಆಗಿ ಉಳಿದಿತ್ತು.

ಕಸುಬನ್ನು ತಿರುಗಿಸಿದ್ದು ಎಣ್ಣೆ. ಅಮೆರಿಕದ ಮಾಲ್ಕಮ್ ಲಾಕ್‌ಹೀಡ್ 1917ರಲ್ಲಿ ಪಡೆದ ಪೇಟೆಂಟಿನ ತಿರುಳು ಪ್ಯಾಸ್ಕಲನ ಹಳೆಯ ನಿಯಮ: ಮುಚ್ಚಿದ ದ್ರವವನ್ನು ಒಂದು ಕಡೆ ಒತ್ತಿದರೆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ. 1921ರ ಡ್ಯೂಸೆನ್‌ಬರ್ಗ್ ಕಾರಿಗೆ ನಾಲ್ಕೂ ಗಾಲಿಗೆ ಹೈಡ್ರಾಲಿಕ್ ಬ್ರೇಕು ಬಂತು, 1924ರ ಕ್ರೈಸ್ಲರ್ ಅದನ್ನು ಸಾಮಾನ್ಯ ಗಿರಾಕಿಯ ಕೈಗೆಟುಕಿಸಿತು. ಷೆವರ್ಲೆ 1936ರಲ್ಲಿ ಬದಲಾಯಿತು. ಫೋರ್ಡ್ 1939ರವರೆಗೆ ಸಲಾಕೆ, ತಂತಿಗಳನ್ನೇ ನಂಬಿ ಕೂತಿತ್ತು. ಲಾಕ್‌ಹೀಡನ ಮೊದಲ ಸಿಲಿಂಡರುಗಳಲ್ಲಿ ಎಣ್ಣೆ ತಡೆಯುತ್ತಿದ್ದದ್ದು ತೊಗಲಿನ ಬಟ್ಟಲು. ಅದು ಸೋರುತ್ತಿತ್ತು. ಕ್ರೈಸ್ಲರಿನ ಎಂಜಿನಿಯರುಗಳು ತೊಗಲು ತೆಗೆದು ರಬ್ಬರ್ ಹಾಕಿದರು. ನನ್ನ ಪ್ರಕಾರ ಇಡೀ ಕತೆಯಲ್ಲಿ ಪೇಟೆಂಟಿಗಿಂತ ದೊಡ್ಡ ಸಂಗತಿ ಇದು, ಏಕೆಂದರೆ ಮುಂದೆ ನಮ್ಮ ಗ್ಯಾರೇಜುಗಳ ಅನ್ನ ಹುಟ್ಟಿದ್ದು ಆ ರಬ್ಬರಿನಲ್ಲೇ. ಎಣ್ಣೆಯ ಮಾತೂ ಸ್ವಾರಸ್ಯದ್ದು. ಆರಂಭದ ಬ್ರೇಕ್ ಆಯಿಲ್ ಎಂದರೆ ಹರಳೆಣ್ಣೆಗೆ ಆಲ್ಕೊಹಾಲ್ ಬೆರೆಸಿದ್ದು. ಚಕ್ಕಡಿಯ ಅಚ್ಚಿಗೆ ಕೀಲೆಣ್ಣೆಯಾಗಿ ಬಳಸುತ್ತಿದ್ದ, ಇಲ್ಲಿನ ಒಣಹೊಲಗಳಲ್ಲೂ ಬೆಳೆಯುವ ಔಡಲದ ಎಣ್ಣೆಯೇ ಮೋಟಾರಿನ ಬ್ರೇಕಿನೊಳಗೂ ಹರಿಯುತ್ತಿತ್ತು. ಗ್ಲೈಕಾಲ್ ಎಣ್ಣೆಗಳು ಬಂದದ್ದು ಆಮೇಲೆ.

ಲೆಕ್ಕ ಸರಳವಾಗಿದೆ. ಕಾಲು 20 ಕಿಲೋ ಭಾರ ಹಾಕಿತು, ಪೆಡಲಿನ ಸನ್ನೆ ಅದನ್ನು ಐದು ಪಟ್ಟು ಮಾಡಿತು ಎನ್ನಿ. ಮಾಸ್ಟರ್ ಸಿಲಿಂಡರಿನ ಪಿಸ್ಟನ್ನಿನ ಮೇಲೆ 100 ಕಿಲೋ ಬಿತ್ತು. ಒಂದು ಇಂಚಿನ ಸಿಲಿಂಡರಾದರೆ ಅದರ ಬಾಯಿ ಸುಮಾರು 5 ಚದರ ಸೆಂಟಿಮೀಟರ್. ಪೈಪಿನೊಳಗೆ ಪ್ರತಿ ಚದರ ಸೆಂಟಿಮೀಟರಿಗೆ 20 ಕಿಲೋ ಒತ್ತಡ. ಅಷ್ಟೇ ಅಳತೆಯ ವ್ಹೀಲ್ ಸಿಲಿಂಡರಿನ ಪ್ರತಿಯೊಂದು ಪಿಸ್ಟನ್ನೂ ತನ್ನ ಶೂವನ್ನು 100 ಕಿಲೋ ಬಲದಿಂದ ಡ್ರಮ್ಮಿಗೆ ಒತ್ತುತ್ತದೆ, ನಾಲ್ಕೂ ಗಾಲಿಯಲ್ಲಿ, ಒಂದೇ ಗಳಿಗೆಯಲ್ಲಿ. ಸಲಾಕೆಯ ಬ್ರೇಕಿನಲ್ಲಿ ನಾಲ್ಕು ಗಾಲಿಯನ್ನು ಸಮ ಮಾಡುವುದೇ ದೊಡ್ಡ ತಲೆನೋವಾಗಿತ್ತು. ಎಣ್ಣೆ ಅದನ್ನು ತಾನೇ ಮಾಡಿತು. ಆದರೆ ಇದಕ್ಕೆ ಬೆಲೆ ತೆರಬೇಕಾಯಿತು. ಕಾಲಿನಿಂದ ಗಾಲಿಯವರೆಗೆ ಬಲ ಹೋಗುವ ದಾರಿ ಈಗ ಕಣ್ಣಿಗೆ ಕಾಣದು. ಪೈಪು ನೆಟ್ಟಗಿದ್ದರೂ ಒಳಗೆ ಏನಾಗಿದೆ ಎಂದು ಹೊರಗಿನಿಂದ ಹೇಳಲಾಗದು. ಕಂಬಾರನ ಕಣ್ಣು ಇಲ್ಲಿ ಸೋತಿತು. ಕಾಣದ್ದನ್ನು ಲಕ್ಷಣದಿಂದ ಊಹಿಸಿ, ಊಹೆಯನ್ನು ಪರೀಕ್ಷಿಸಿ, ಆಮೇಲೆ ಬಿಚ್ಚುವವನು ಬೇಕಾದ.

ಈ ಸೀಮೆಯಲ್ಲಿ ಅಂಥ ಗಾಡಿಗಳು ದಟ್ಟವಾದದ್ದು ಎರಡನೆಯ ಮಹಾಯುದ್ಧದ ನಂತರ. ಸೈನ್ಯ ಹರಾಜು ಹಾಕಿದ ಡಿಸ್ಪೋಸಲ್ ಜೀಪು, ಲಾರಿಗಳು ದೇಶದ ತುಂಬ ಹರಡಿದವು. ಮಹೀಂದ್ರಾ ಕಂಪನಿ ವಿಲ್ಲಿಸ್ ಜೀಪನ್ನು ಮುಂಬಯಿಯಲ್ಲಿ ಜೋಡಿಸತೊಡಗಿತು, ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಿಂದ ಡಾಜ್ ಮತ್ತು ಫಾರ್ಗೊ ಲಾರಿಗಳು ಬಂದವು. ಉತ್ತರಪಾರಾದ ಅಂಬಾಸಡರ್ 1950ರ ದಶಕದ ಕೊನೆಗೆ ಹುಟ್ಟಿ 2014ರವರೆಗೆ ಬದುಕಿತು. 1956ರಲ್ಲಿ ವಿಜಾಪುರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದರೂ ಬಿಡಿಭಾಗದ ನಂಟು ಮುಂಬಯಿ, ಸೊಲ್ಲಾಪುರ, ಹುಬ್ಬಳ್ಳಿಗಳ ಜೊತೆಗೇ ಉಳಿಯಿತು. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿ ಆಲಮಟ್ಟಿ ಅಣೆಕಟ್ಟೆಗೆ ಅಡಿಗಲ್ಲು ಹಾಕಿದ ಮೇಲೆ ಕೃಷ್ಣೆಯ ದಂಡೆಗೆ ಟಿಪ್ಪರು, ಜೀಪುಗಳ ಸಾಲು ಬಂತು. ಇಳಕಲ್ಲಿನ ಕೆಂಪು ಗ್ರಾನೈಟ್ ಲಾರಿಗಳಿಗೆ ಭಾರ ಕೊಟ್ಟಿತು, ಬಾಗಲಕೋಟೆಯ ಸಿಮೆಂಟೂ ಕೊಟ್ಟಿತು. ಬನಶಂಕರಿ ಜಾತ್ರೆಗೆ, ಕೂಡಲಸಂಗಮಕ್ಕೆ ಬಾಡಿಗೆ ಗಾಡಿಗಳು ಓಡಿದವು. ಸರ್ಕಾರಿ ಬಸ್ಸಿಗೆ ಡಿಪೋ ಇತ್ತು, ಡಿಪೋದಲ್ಲಿ ಅದರದ್ದೇ ಮೆಕ್ಯಾನಿಕ್ಕುಗಳಿದ್ದರು. ಉಳಿದೆಲ್ಲ ಗಾಡಿಗೆ ಶಿರೂರಿನಂಥ ರಸ್ತೆಯೂರುಗಳೇ ಗತಿ. ಇದರ ನಡುವೆ 1962ರಲ್ಲಿ ಮದರಾಸಿನಲ್ಲಿ ಬ್ರೇಕ್ಸ್ ಇಂಡಿಯಾ ಹುಟ್ಟಿತು. ಸಿಲಿಂಡರಾಗಲಿ ರಬ್ಬರ್ ಕಿಟ್ಟಾಗಲಿ ಹಡಗಿನಲ್ಲಿ ಬರುವುದು ತಪ್ಪಿತು. ಗಾಡಿಯ ಮಾದರಿ ದಶಕಗಟ್ಟಲೆ ಬದಲಾಗದ್ದರಿಂದ ಒಮ್ಮೆ ಕಲಿತದ್ದು ಒಂದು ತಲೆಮಾರಿಗೆ ಸಾಕಾಗುತ್ತಿತ್ತು. ಲೈಸೆನ್ಸ್ ರಾಜ್ಯದ ಆ ನಿಂತ ನೀರನ್ನು ಅರ್ಥಶಾಸ್ತ್ರಜ್ಞರು ಬಯ್ಯುವುದು ಸರಿಯೇ, ಆದರೆ ರಸ್ತೆ ಬದಿಯ ವಿದ್ಯೆ ಬೇರೂರಿದ್ದು ಆ ನಿಂತ ನೀರಿನಲ್ಲಿಯೇ.

ಈಗ ಆ ವಿದ್ಯೆಯ ಒಳಗೆ ಹೋಗೋಣ, ನನ್ನ ವಾದಕ್ಕೆ ಸಾಕ್ಷಿ ಇರುವುದು ಅಲ್ಲಿ. “ಪೆಡಲ್ ಒಳಗ ಹೊಂಟೈತಿ” ಎಂಬ ಒಂದೇ ದೂರಿನ ಹಿಂದೆ ಕನಿಷ್ಠ ಮೂರು ಬೇನೆಗಳಿವೆ. ಒಂದೆರಡು ಸಲ ಪಂಪ್ ಮಾಡಿದಾಗ ಪೆಡಲ್ ಮೇಲೆದ್ದು ಗಟ್ಟಿಯಾಗಿ ನಿಂತರೆ ಶೂಗೂ ಡ್ರಮ್ಮಿಗೂ ನಡುವೆ ಸಂದು ಹೆಚ್ಚಿದೆ, ಅಡ್ಜಸ್ಟ್ ಮಾಡಿದರೆ ಸಾಕು. ಮೇಲೆದ್ದರೂ ಕಾಲಿಗೆ ಸ್ಪಂಜಿನಂತೆ ಮೆತ್ತಗೆ ಸಿಕ್ಕರೆ ಏರ್ ಹಿಡಿದಿದೆ. ಗಾಳಿ ಕುಗ್ಗುತ್ತದೆ, ಎಣ್ಣೆ ಕುಗ್ಗುವುದಿಲ್ಲ. ಮೇಲೆದ್ದು, ಗಟ್ಟಿಯೂ ಆಗಿ, ಕಾಲು ಒತ್ತಿ ಹಿಡಿದಷ್ಟು ಹೊತ್ತು ಮೆಲ್ಲಗೆ ನೆಲದತ್ತ ಇಳಿದರೆ ಎಣ್ಣೆ ಎಲ್ಲೋ ದಾಟುತ್ತಿದೆ. ಎಲ್ಲಿ ಎಂಬುದಕ್ಕೆ ಡಬ್ಬಿಯ ಮುಚ್ಚಳ ತೆಗೆದು ನೋಡಬೇಕು. ಎಣ್ಣೆ ಕಡಿಮೆಯಾಗಿದ್ದರೆ ಹೊರಗೆ ಸೋರುತ್ತಿದೆ, ಟೈರಿನ ಒಳಮಗ್ಗುಲಿನ ಕಲೆ ಗಾಲಿಯನ್ನು ತೋರಿಸಿಕೊಡುತ್ತದೆ. ಕಡಿಮೆಯಾಗದೆ ಇದ್ದರೆ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರಿನ ಅಂಚು ಸೋತು ಎಣ್ಣೆ ಹಿಂದಕ್ಕೇ ಜಾರುತ್ತಿದೆ. ಕೊನೆಯದನ್ನು ಗುರುತಿಸದವನು ನಾಲ್ಕೂ ಗಾಲಿ ಬಿಚ್ಚಿ ನಾಲ್ಕು ಕಿಟ್ ಹಾಕಿ ದಿನವಿಡೀ ಏರ್ ತೆಗೆದರೂ ಸಂಜೆ ಪೆಡಲ್ ಇಳಿಯುತ್ತಲೇ ಇರುತ್ತದೆ. “ಎಡಕ ಎಳೀತೈತಿ” ಎಂಬ ದೂರು ಇನ್ನೂ ಮೋಸದ್ದು. ಅನನುಭವಿ ಎಡಗಾಲಿಯನ್ನು ಬಿಚ್ಚುತ್ತಾನೆ. ಬಹಳ ಸಲ ಎಡಗಾಲಿ ನೆಟ್ಟಗೇ ಹಿಡಿಯುತ್ತಿರುತ್ತದೆ, ಹಿಡಿಯದೆ ಉಳಿದದ್ದು ಬಲಗಾಲಿ.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಹಿಡಿದ ಬ್ರೇಕು ಬಿಡದಿರುವುದು. ಗಾಲಿ ಎತ್ತಿ ತಿರುಗಿಸಿದರೆ ತಿರುಗದು. ಮಿಸ್ತ್ರಿ ವ್ಹೀಲ್ ಸಿಲಿಂಡರಿನ ಏರ್ ತೆಗೆಯುವ ನಿಪ್ಪಲನ್ನು ಕೊಂಚ ಸಡಿಲಿಸುತ್ತಾನೆ. ಎಣ್ಣೆ ಚಿಮ್ಮಿ ಗಾಲಿ ಹಗುರಾದರೆ ಒತ್ತಡ ಎಲ್ಲೋ ಸಿಕ್ಕಿಬಿದ್ದಿದೆ. ಹಗುರಾಗದಿದ್ದರೆ ಎಣ್ಣೆಯ ತಪ್ಪಿಲ್ಲ, ಶೂವೋ ಸ್ಪ್ರಿಂಗೋ ತುಕ್ಕಿಗೆ ಕಚ್ಚಿದೆ, ಇಲ್ಲವೇ ಪಿಸ್ಟನ್ನೇ ಸಿಲಿಂಡರಿನಲ್ಲಿ ಅಂಟಿ ಕೂತಿದೆ. ಒತ್ತಡ ಸಿಕ್ಕಿಬಿದ್ದಿದ್ದರೆ ಇನ್ನೊಂದು ಹೆಜ್ಜೆ ಹಿಂದಕ್ಕೆ. ಮಾಸ್ಟರ್ ಸಿಲಿಂಡರಿನ ಬಾಯಿಯಲ್ಲಿ ಪೈಪ್ ಸಡಿಲಿಸಿದಾಗ ನಾಲ್ಕೂ ಗಾಲಿ ಬಿಟ್ಟರೆ ದೋಷ ಅಲ್ಲಿದೆ. ಎಣ್ಣೆ ಡಬ್ಬಿಗೆ ಮರಳುವ ಕೂದಲೆಳೆಯಷ್ಟು ಸಣ್ಣ ತೂತು ಮುಚ್ಚಿಕೊಂಡಿದೆ, ರಬ್ಬರ್ ಉಬ್ಬಿದ್ದಕ್ಕೋ ಪೆಡಲಿಗೆ ಬೇಕಾದ ಅರ್ಧ ಇಂಚಿನಷ್ಟು ಸಡಿಲು ಬಿಡದ್ದಕ್ಕೋ. ಒಂದೇ ಗಾಲಿ ಬಿಡದೆ ಉಳಿದರೆ ಅದರ ಹೋಸನ್ನು ಅನುಮಾನಿಸಬೇಕು. ಹೊರಗೆ ಹೊಸದರಂತೆ ಕಾಣುವ ಹೋಸು ಒಳಗೆ ಊದಿ, ಕಾಲಿನ ಬಲಕ್ಕೆ ಎಣ್ಣೆಯನ್ನು ಮುಂದೆ ಬಿಡುತ್ತದೆ, ಸ್ಪ್ರಿಂಗಿನ ದುರ್ಬಲ ಬಲಕ್ಕೆ ಹಿಂದೆ ಬಿಡುವುದಿಲ್ಲ. ಇದನ್ನೆಲ್ಲ ಮಾಡಲು ಒಂದು ಸ್ಪ್ಯಾನರ್ ಬಿಟ್ಟರೆ ಬೇರೆ ಉಪಕರಣ ಬೇಡ. ಬೇಕಾದದ್ದು ಪ್ರಶ್ನೆಗಳ ಸರಿಯಾದ ಸರತಿ, ಪ್ರತಿ ಉತ್ತರಕ್ಕೂ ಅರ್ಧ ಸಂಶಯವನ್ನು ಕಡಿದು ಹಾಕುವ ಪದ್ಧತಿ. ಇದನ್ನು ನಾಡಿ ವೈದ್ಯಕ್ಕೆ ಹೋಲಿಸುವ ರೂಢಿಯಿದೆ. ನನಗೆ ಆ ಹೋಲಿಕೆ ಒಗ್ಗದು. ನಾಡಿ ಹಿಡಿಯುವವನಿಗಿಲ್ಲದ ಸಂಕಟ, ಬಿಚ್ಚಿ ತೋರಿಸಿ ತನ್ನ ಊಹೆ ಸುಳ್ಳಾಯಿತೆಂದು ಒಪ್ಪಿಕೊಳ್ಳುವ ಸಂಕಟ, ಮಿಸ್ತ್ರಿಗೆ ದಿನವೂ ಇದೆ.

ಹೊಸ ರಬ್ಬರ್ ಹಾಕಿ ಕಟ್ಟುವ ಕೆಲಸ ಇದರ ಮುಂದಿನದು, ಅಲ್ಲಿಯೂ ಕೈಗಿಂತ ತಿಳಿವಳಿಕೆಯೇ ಹೆಚ್ಚು. ಗ್ಯಾರೇಜಿನಲ್ಲಿ ಎಲ್ಲವನ್ನೂ ತೊಳೆಯುವುದು ಸೀಮೆಎಣ್ಣೆಯಲ್ಲಿ. ಬ್ರೇಕಿನ ರಬ್ಬರಿಗೆ ಅದೇ ವಿಷ. ಸೀಮೆಎಣ್ಣೆ, ಪೆಟ್ರೋಲು, ಎಂಜಿನ್ ಆಯಿಲ್ ಯಾವುದು ತಗುಲಿದರೂ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಬ್ರೇಕಿನ ಭಾಗಗಳನ್ನು ಬ್ರೇಕ್ ಆಯಿಲಿನಲ್ಲೇ ತೊಳೆಯಬೇಕು, ಹೊಸ ರಬ್ಬರನ್ನು ಅದರಲ್ಲೇ ಅದ್ದಿ ಕೂರಿಸಬೇಕು. ಒಮ್ಮೆ ತಪ್ಪು ಎಣ್ಣೆ ಡಬ್ಬಿಗೆ ಬಿತ್ತೆಂದರೆ ಸೋರುವ ಒಂದು ಗಾಲಿಯ ಕಿಟ್ ಬದಲಿಸಿ ಪ್ರಯೋಜನವಿಲ್ಲ, ಪೈಪು ತೊಳೆದು ಎಲ್ಲ ರಬ್ಬರನ್ನೂ ತೆಗೆಯಬೇಕು. ಇನ್ನು ಗ್ಲೈಕಾಲ್ ಎಣ್ಣೆ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ದರ್ಜೆಯ ಹೊಸ ಎಣ್ಣೆ 205 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಕುದಿಯಬೇಕೆಂಬುದು ನಿಯಮ. ತೇವ ಹೀರಿದ್ದಕ್ಕೆ ಆ ಮಿತಿ 140ಕ್ಕೆ ಇಳಿಯುತ್ತದೆ. ಆ ತೇವ ಸಿಲಿಂಡರಿನ ಗೋಡೆಯನ್ನೂ ತಿನ್ನುತ್ತದೆ. ಸಣ್ಣ ಗೀರಾದರೆ ಹೋನ್ ಹಾಕಿ ನಯ ಮಾಡಬಹುದು, ಕುಳಿ ಬಿದ್ದಿದ್ದರೆ ಲೇತಿಗೆ ಒಯ್ದು ಹಿತ್ತಾಳೆ ಸ್ಲೀವ್ ತೊಡಿಸಬೇಕು ಅಥವಾ ಸಿಲಿಂಡರನ್ನೇ ಎಸೆಯಬೇಕು. ಕುಳಿಯ ಮೇಲೆ ಹೊಸ ರಬ್ಬರ್ ಹಾಕುವುದು ದುಡ್ಡು ದಂಡ. ಕೈಪಂಪಿನ ಮೆಕ್ಯಾನಿಕ್ಕೂ ಈ ರಬ್ಬರ್ ಬಟ್ಟಲಿನ ಬಂಧು. ಸೊಲ್ಲಾಪುರ ಪಂಪಿನಿಂದ ಬೆಳೆದ ಇಂಡಿಯಾ ಮಾರ್ಕ್ 2 ಕೈಪಂಪಿನಲ್ಲಿ ನೀರೆತ್ತುತ್ತಿದ್ದದ್ದು ತೊಗಲಿನ ಬಟ್ಟಲು ವಾಷರ್. ಅಲ್ಲಿ ಸೋತರೆ ಕೊಡ ತುಂಬುವುದು ತಡವಾಗುತ್ತದೆ, ಅಷ್ಟೆ.

ನನ್ನ ವಾದಕ್ಕೆ ಮೊದಲ ಆಕ್ಷೇಪ ಭಾಷೆ ಬಲ್ಲವರಿಂದ ಬರುತ್ತದೆ. ನಾಮಪದಗಳನ್ನು ಎರವಲು ತಂದು ಕ್ರಿಯಾಪದಗಳನ್ನು ಮನೆಯದೇ ಬಳಸುವುದು ಎಲ್ಲ ಭಾಷೆಗಳ ಸ್ವಭಾವ, ಅದರಿಂದ ವಿದ್ಯೆಯ ಹುಟ್ಟೂರನ್ನು ಹೇಗೆ ತೀರ್ಮಾನಿಸುತ್ತೀರಿ ಎಂದು ಕೇಳಬಹುದು. ಆದರೆ ಅದು ತಂತಾನೇ ಆಗುವುದಾಗಿದ್ದರೆ ಮೊಬೈಲ್ ರಿಪೇರಿಯಲ್ಲೂ ಆಗಬೇಕಿತ್ತು. ಅಲ್ಲಿ ಬೇನೆಯೂ ಇಂಗ್ಲಿಷಿನದೇ: ಹ್ಯಾಂಗ್ ಆಗಿದೆ, ಶಾರ್ಟ್ ಆಗಿದೆ. ಬ್ರೇಕಿನಲ್ಲೂ ಜಾಮ್, ಫೇಲ್ ಎಂಬ ಮಾತುಗಳಿವೆ, ನಿಜ. ಆದರೆ ‘ಬ್ರೇಕ್ ಫೇಲ್’ ಪತ್ರಿಕೆಯ ಮತ್ತು ಪೊಲೀಸ್ ಠಾಣೆಯ ಮಾತು. ಅದರಿಂದ ಮಿಸ್ತ್ರಿಗೆ ಯಾವ ನೆರವೂ ಇಲ್ಲ, ಏಕೆಂದರೆ ಅದು ಒಂದು ಬೇನೆಯನ್ನು ಇನ್ನೊಂದರಿಂದ ಬೇರ್ಪಡಿಸುವುದಿಲ್ಲ. ಬೇರ್ಪಡಿಸುವ ಮಾತುಗಳೆಲ್ಲ, ಕೂಡ್ರುವುದು, ಜಾರುವುದು, ಎಳೆಯುವುದು, ಬಿಡದಿರುವುದು, ಇಲ್ಲಿಯವೇ. ಕಾಲು ಏನನ್ನು ಅರಿಯುತ್ತದೆ ಎಂಬುದನ್ನು ಹೇಳಲು ಅವು ಬೇಕಾಗಿದ್ದವು, ಮತ್ತು ಕಂಪನಿಯ ಕೈಪಿಡಿ ಇಂಗ್ಲಿಷ್ ಓದದವನಿಗೆ ಆ ಕೆಲಸ ಮಾಡಿಕೊಡುತ್ತಿರಲಿಲ್ಲ.

ಎರಡನೆಯ ಆಕ್ಷೇಪ ಭಾರವಾದದ್ದು. ಈ ವಿದ್ಯೆಯನ್ನು ಹೀಗೆ ಮೆರೆಸುವುದು ಅಪಾಯವನ್ನು ಮರೆಸಿದಂತೆ ಆಗುವುದಿಲ್ಲವೇ? ಸೋರುವ ಗಾಲಿಯ ಪೈಪನ್ನು ಬಡಿದು ಮುಚ್ಚಿ ಮೂರೇ ಗಾಲಿಯ ಬ್ರೇಕಿನಲ್ಲಿ ಗಾಡಿ ಓಡಿಸಿದ್ದು, ಬ್ರೇಕ್ ಆಯಿಲ್ ಸಿಗದಾಗ ಕೈಗೆ ಸಿಕ್ಕ ಎಣ್ಣೆ ಸುರಿದದ್ದು, ಸಿಲಿಂಡರಿಗೆ ಒರಟು ಪಾಲಿಶ್ ಪೇಪರ್ ಉಜ್ಜಿದ್ದು ಇವೆಲ್ಲ ಇದೇ ಕಸುಬಿನ ಚರಿತ್ರೆಗೆ ಸೇರಿವೆ. ಆ ಕಾಲದ ಗಾಡಿಗಳ ಬ್ರೇಕಿಗೆ ಒಂದೇ ದಾರಿ ಇತ್ತು. ಒಂದು ಗಾಲಿಯ ರಬ್ಬರ್ ಹರಿದರೆ ನಾಲ್ಕೂ ಗಾಲಿಯ ಬ್ರೇಕು ಹೋಗುತ್ತಿತ್ತು, ಉಳಿಯುತ್ತಿದ್ದದ್ದು ಹ್ಯಾಂಡ್ ಬ್ರೇಕ್ ಒಂದೇ. ಅಮೆರಿಕದಲ್ಲಿ ಎರಡು ದಾರಿಯ ಮಾಸ್ಟರ್ ಸಿಲಿಂಡರ್ ಎಲ್ಲ ಕಾರುಗಳಿಗೆ ಬಂದದ್ದೇ 1967ರ ಸುಮಾರಿಗೆ. ಹಳೆಯ ಲೈನರುಗಳಲ್ಲಿ ಆಸ್ಬೆಸ್ಟಾಸ್ ಇತ್ತು. ಡ್ರಮ್ ತೆಗೆದೊಡನೆ ಆ ಧೂಳನ್ನು ಗಾಳಿ ಹೊಡೆದು ಹಾರಿಸಿದ್ದು ಮಿಸ್ತ್ರಿಗಳು ಮತ್ತು ಅವರ ಕೈಕೆಳಗಿನ ಹುಡುಗರು, ಅದರ ಫಲ ಉಂಡದ್ದೂ ಅವರ ಪುಪ್ಪುಸಗಳೇ. ಇದಕ್ಕೆ ನನ್ನಲ್ಲಿ ಸಮಜಾಯಿಷಿ ಇಲ್ಲ. ಆದರೆ ಉಳಿದ ಅಪಾಯಗಳಲ್ಲಿ ಎರಡು ಬಗೆಯನ್ನು ಬೇರೆ ಮಾಡಬೇಕು: ಬೇನೆ ತಿಳಿಯದೆ ಮಾಡಿದ್ದು, ತಿಳಿದೂ ಮಾಡಿದ್ದು. ಪೈಪು ಬಡಿದು ಮುಚ್ಚುವವನಿಗೆ ಯಾವ ಗಾಲಿ ಸೋರುತ್ತಿದೆ ಎಂದು ಗೊತ್ತಿದೆ. ಅವನ ನಿದಾನ ಸರಿಯಿದೆ, ಮದ್ದು ಕೊಳ್ಳಲು ದುಡ್ಡಿಲ್ಲ ಅಥವಾ ಕಿಟ್ ಹುಬ್ಬಳ್ಳಿಯಿಂದ ಬಂದಿಲ್ಲ. ಮಾಲೀಕ “ಸೋರೂ ಗಾಲಿ ಅಷ್ಟ ಮಾಡ್ರಿ” ಎಂದು ಕೈ ಬಿಗಿ ಹಿಡಿದಾಗ ಸೋಲುವುದು ವಿದ್ಯೆಯಲ್ಲ. ಅಪಘಾತದ ಲೆಕ್ಕವನ್ನು ಮಿಸ್ತ್ರಿಯ ಅಜ್ಞಾನದ ಖಾತೆಗೆ ಬರೆಯುವ ಮೊದಲು ಗಾಡಿ ಯಾರದ್ದು, ಬಾಡಿಗೆ ಎಷ್ಟು, ಭಾರ ಎಷ್ಟು ಹೇರಿದ್ದರು ಎಂದು ಕೇಳಬೇಕಾಗುತ್ತದೆ.

ಇದು ಬಯಲುಸೀಮೆ, ಇಲ್ಲಿ ಚಾರ್ಮಾಡಿ ಘಾಟಿಯಿಲ್ಲ, ಬ್ರೇಕಿನ ಜಾಣರು ಇಲ್ಲೇಕೆ ಬೆಳೆದಾರು ಎಂಬುದು ಮತ್ತೊಂದು ಸಂಶಯ. ಘಟ್ಟದಲ್ಲಿ ಬ್ರೇಕು ಕಾದು ಸೋಲುತ್ತದೆ, ಬಯಲಿನಲ್ಲಿ ಬಳಸದೆ ಸೋಲುತ್ತದೆ. ಜಾತ್ರೆಯಿಂದ ಜಾತ್ರೆಗೆ ನಿಲ್ಲುವ ಬಾಡಿಗೆ ಜೀಪಿನಲ್ಲಿ ಎಣ್ಣೆ ತೇವ ಹೀರುತ್ತ ಕೂರುತ್ತದೆ, ಪಿಸ್ಟನ್ ಇದ್ದಲ್ಲೇ ಅಂಟುತ್ತದೆ. ಜೀಪಿನ ಮಾಸ್ಟರ್ ಸಿಲಿಂಡರ್ ಇರುವುದು ಕಾಲಿನ ಕೆಳಗೆ, ನೆಲದ ತಗಡಿನ ಅಡಿ. ಹಳ್ಳ ದಾಟುವಾಗ ನೀರು, ಬೇಸಿಗೆಯಲ್ಲಿ ಎರೆಮಣ್ಣಿನ ಧೂಳು ಅದರ ಮೇಲೆಯೇ. ಮುಚ್ಚಳ ತೆಗೆಯುವಾಗ ಅಕ್ಕಪಕ್ಕದ ಮಣ್ಣು ಒರೆಸದಿದ್ದರೆ ಒಂದು ಹರಳು ಒಳಗೆ ಬಿದ್ದು ಆ ಕೂದಲೆಳೆಯ ತೂತನ್ನು ಮುಚ್ಚುತ್ತದೆ. ಘಟ್ಟದ ಚಾಲಕ ಪ್ರತಿ ತಿರುವಿನಲ್ಲಿ ಬ್ರೇಕನ್ನು ಪರೀಕ್ಷಿಸುತ್ತಾನೆ. ಬಯಲಿನವನಿಗೆ ದೋಷ ತಿಳಿಯುವುದು ಕುರಿಹಿಂಡು ಅಡ್ಡ ಬಂದ ದಿನ.

ಈ ಕಸುಬು ಕುಗ್ಗಿದ್ದು ಅದು ತಪ್ಪೆಂದು ಸಾಬೀತಾದ್ದರಿಂದ ಅಲ್ಲ. ಕಿಟ್ಟಿಗಿಂತ ಇಡೀ ಸಿಲಿಂಡರನ್ನೇ ಬದಲಿಸುವುದು ಹೊತ್ತಿನ ಲೆಕ್ಕದಲ್ಲಿ ಅಗ್ಗವಾಯಿತು. ಹೊಸ ಗಾಡಿಗಳ ಮುಂದಿನ ಗಾಲಿಗೆ ಡಿಸ್ಕ್ ಬಂತು, ಭಾರಿ ಲಾರಿ ಬಸ್ಸುಗಳು ಗಾಳಿಯ ಬ್ರೇಕಿಗೆ ಹೋದವು, ಮಾದರಿಗಳು ನಾಲ್ಕೈದು ವರ್ಷಕ್ಕೊಮ್ಮೆ ಬದಲಾಗತೊಡಗಿದವು. 1988ರ ಮೋಟಾರು ವಾಹನ ಕಾಯ್ದೆ, 1989ರ ಕೇಂದ್ರ ನಿಯಮಗಳು ಬಾಡಿಗೆ ಗಾಡಿಗೆ ಫಿಟ್‌ನೆಸ್ ಪ್ರಮಾಣಪತ್ರ ಕೇಳುತ್ತವೆ. ಬ್ರೇಕು ಹಿಡಿಯುತ್ತದೋ ಇಲ್ಲವೋ ಎಂಬುದಷ್ಟೇ ಅಲ್ಲಿನ ಪ್ರಶ್ನೆ, ಏಕೆ ಹಿಡಿಯುತ್ತಿಲ್ಲ ಎಂಬುದು ಅದರ ವ್ಯಾಪ್ತಿಗೆ ಬರದು. ಬಾಗಲಕೋಟೆಯ ಕೆಎ-29 ನೋಂದಣಿಯ ಟಂಟಂ ಎಂಬ ಮೂರು ಗಾಲಿಯ ಗಾಡಿಗಳಲ್ಲಿ ಮಾತ್ರ ಹಳೆಯ ವಿದ್ಯೆ ಇನ್ನೂ ದುಡಿಯುತ್ತಿದೆ. ಅವುಗಳದ್ದೂ ಎಣ್ಣೆಯ ಡ್ರಮ್ ಬ್ರೇಕೇ, ಅದೇ ಶೂ, ಅದೇ ರಬ್ಬರು. ಮಾಸ್ಟರ್ ಸಿಲಿಂಡರಿನಿಂದ ಎಲ್ಲಕ್ಕಿಂತ ದೂರದ ಗಾಲಿಯಿಂದ ಏರ್ ತೆಗೆಯುತ್ತ ಬರುವ ಕ್ರಮವೂ ಅದೇ: ಪೆಡಲ್ ಮೇಲೆ ಹುಡುಗ, ನಿಪ್ಪಲ್ ಬಳಿ ಮಿಸ್ತ್ರಿ, “ಒತ್ತು… ಹಿಡಿ… ಬಿಡು”, ಬಾಟಲಿಯೊಳಗೆ ಗುಳ್ಳೆ ನಿಲ್ಲುವ ತನಕ. ಕಂಪ್ಯೂಟರ್ ಇರುವ ಹೊಸ ಕಾರುಗಳ ಚಾಲಕ ಬಂದರೆ ಅವನ ದೂರು ಬೇರೆ. ಕಾಲಿಗೆ ಏನನ್ನಿಸಿತು ಎಂದು ಅವನು ಹೇಳುವುದಿಲ್ಲ. ಡ್ಯಾಶ್‌ಬೋರ್ಡ್ ತೋರಿಸಿ “ಲೈಟ್ ಹತ್ತೈತ್ರೀ” ಎನ್ನುತ್ತಾನೆ.